ಮೂರನೇ ಮಹಡಿಯ ಗ್ಯಾಲರಿ

ಕಳೆದ ತಿಂಗಳು ಮುಂಬೈಯ ಜೋಗೇಶ್ವರಿಯ ಒಂದು ಸಣ್ಣ ಕಾರ್ಖಾನೆಯ ಛಾವಣಿ ನೋಡಲು ಹೋಗಿದ್ದೆ. ಬಾಟಲಿಯ ಮುಚ್ಚಳ ಮಾಡುವ ಜಾಗ. ಕೆಲಸಗಾರನೊಬ್ಬ ಮೂಲೆಯ ಒದ್ದೆ ಪ್ಲಾಸ್ಟರನ್ನು ಉಳಿಯಿಂದ ಕೆತ್ತಿದ ಕೂಡಲೇ ಆ ವಾಸನೆ ಬಂತು. ಹಳೆಯ ಕಾಂಕ್ರೀಟು ಒಳಗೊಳಗೇ ನೆಂದು, ಅದರ ಹೊಟ್ಟೆಯಲ್ಲಿನ ಕಬ್ಬಿಣ ತುಕ್ಕು ಹಿಡಿದಾಗ ಬರುವ ವಾಸನೆ. ರಕ್ತದ ವಾಸನೆಗೆ ಬಹಳ ದೂರವಿಲ್ಲ. ಹಳೆಯ ಕಟ್ಟಡಗಳು ಇನ್ನೆಷ್ಟು ದಿನ ನಿಲ್ಲುತ್ತವೆ ಎಂದು ಬರೆದುಕೊಡುವುದೇ ನನ್ನ ಕೆಲಸವಾದ್ದರಿಂದ ವಾರಕ್ಕೆ ಎರಡು ಸಲವಾದರೂ ಅದು ಮೂಗಿಗೆ ಬಡಿಯುತ್ತದೆ. ಆದರೆ ಆ ದಿನ ಹೊರಗೆ ತಗಡಿನ ಮೇಲೆ ವರ್ಷದ ಮೊದಲ ಮಳೆ ಬೀಳತೊಡಗಿತ್ತು. ಏಣಿಯ ಮೇಲೆ ನಿಂತಿದ್ದವಳಿಗೆ ಆಂಟಾಪ್ ಹಿಲ್‌ನ ಆ ಒಂದು ಮಳೆಗಾಲ ಪೂರ್ತಿಯಾಗಿ ನೆನಪಿಗೆ ಬಂತು.

ಆಗ ನನಗೆ ಮೂವತ್ತನಾಲ್ಕು ವರ್ಷ. ಧಾರವಾಡದಿಂದ ಬಂದು ದಾದರ್‌ನಲ್ಲಿ ನೆಲೆಸಿದ ಗುಮಾಸ್ತರೊಬ್ಬರ ಮಗಳು ನಾನು. ಓದಿದ್ದು ಸಿವಿಲ್ ಇಂಜಿನಿಯರಿಂಗ್. ನಮ್ಮ ಆಫೀಸು ದಾದರ್ ಸ್ಟೇಷನ್ನಿನ ಪಶ್ಚಿಮಕ್ಕೆ, ಹೂವಿನ ಅಂಗಡಿಗಳ ಮೇಲಿನ ಮಹಡಿಯಲ್ಲಿತ್ತು. ಮೇ ತಿಂಗಳ ಕೊನೆಯಲ್ಲಿ ಅಲ್ಲಿಗೆ ಶೆಟ್ಟರು ಬಂದರು. ಉಡುಪಿ ಕಡೆಯವರು, ಜೀವಮಾನವಿಡೀ ಹೋಟೆಲಿನ ಗಲ್ಲಾದಲ್ಲಿ ಕೂತು ನಿವೃತ್ತರಾದವರು, ಈಗ ಆಂಟಾಪ್ ಹಿಲ್‌ನ ಒಂದು ವಸತಿ ಸೊಸೈಟಿಯ ಸೆಕ್ರೆಟರಿ. ಕನ್ನಡದವಳು ಎಂದು ಯಾರೋ ಹೇಳಿದ್ದರಿಂದ ನನ್ನನ್ನೇ ಹುಡುಕಿಕೊಂಡು ಬಂದಿದ್ದರು. ಬಿಲ್ಡಿಂಗಿಗೆ ವಯಸ್ಸಾಗಿದೆ, ಎಷ್ಟು ಗಟ್ಟಿಯಿದೆ ಎಂದು ಆಡಿಟ್ ಮಾಡಿಸಲೇಬೇಕಂತೆ, ಸಣ್ಣಪುಟ್ಟ ರಿಪೇರಿ ಬರೆದುಕೊಟ್ಟರೆ ಮಳೆ ಮುಗಿದ ಮೇಲೆ ಮಾಡಿಸುತ್ತೇವೆ ಎಂದರು. ಅದಕ್ಕಿಂತ ಹೆಚ್ಚು ಬರೆಯಬೇಡಿ ಎಂದು ಬಾಯಿಬಿಟ್ಟು ಹೇಳಲಿಲ್ಲ. ಬಿಲ್ಡರ್ ಒಬ್ಬ ಆ ಜಾಗದ ಸುತ್ತ ವರ್ಷಗಳಿಂದ ಸುಳಿದಾಡುತ್ತಿದ್ದಾನೆ ಎಂಬುದನ್ನು ಮಾತ್ರ ಎರಡು ಸಲ ಹೇಳಿದರು.

ಅದನ್ನು ಸುತ್ತಲಿನವರೆಲ್ಲ ಗ್ಯಾಲರಿ ಬಿಲ್ಡಿಂಗ್ ಎಂದೇ ಕರೆಯುತ್ತಿದ್ದರು. ನಾಲ್ಕು ಮಹಡಿ. ಪ್ರತಿ ಮಹಡಿಯ ಮುಂದೆಯೂ ಉದ್ದಕ್ಕೆ ಎಂಟು ಅಡಿ ಅಗಲದ ಗ್ಯಾಲರಿ, ಅದಕ್ಕೆ ಒಂದೂ ಕಂಬವಿಲ್ಲ. ಗೋಡೆಯಿಂದ ಯಾರೋ ಕೈ ಚಾಚಿದ ಹಾಗೆ ಗಾಳಿಯಲ್ಲಿ ನಿಂತಿತ್ತು. ಮನೆಗಳ ಬಾಗಿಲುಗಳು ಅದಕ್ಕೇ ತೆರೆಯುತ್ತಿದ್ದವು. ಅಲ್ಲಿ ಹಪ್ಪಳ ಒಣಗುತ್ತಿತ್ತು, ಮಕ್ಕಳು ಓದುತ್ತಿದ್ದರು, ಮುದುಕರು ಮಲಗುತ್ತಿದ್ದರು. ಗ್ಯಾಲರಿಯ ಹೊರ ಅಂಚಿನ ಜಾಲರಿ ಗೋಡೆಯ ತೂತುಗಳನ್ನು ಎಷ್ಟು ಲೆಕ್ಕಾಚಾರದಿಂದ ಓರೆಯಾಗಿ ಮಾಡಿದ್ದರೆಂದರೆ ಗಾಳಿ ಒಳಗೆ ಬರುತ್ತಿತ್ತು, ಮಳೆ ಬರುತ್ತಿರಲಿಲ್ಲ. ನಾನು ಅಂಥ ಕಟ್ಟಡವನ್ನು ಅದುವರೆಗೆ ನೋಡಿರಲಿಲ್ಲ. ಮೊದಲ ದಿನ ಸುತ್ತಿಗೆಯಿಂದ ಬಡಿಯುತ್ತ ಹೋದಾಗ ಮೂರನೇ ಮಹಡಿಯ ಗ್ಯಾಲರಿಯ ಒಂದು ಭಾಗ ಪೊಳ್ಳು ಸದ್ದು ಮಾಡಿತು. ಒಳಗೆ ಏನಿದೆ ಎಂದು ತಿಳಿಯಲು ಹಳೆಯ ನಕ್ಷೆಗಳು ಬೇಕಾಗಿದ್ದವು. ಸೊಸೈಟಿಯಲ್ಲಿ ಒಂದೂ ಇರಲಿಲ್ಲ. ಅದನ್ನು ಕಟ್ಟಿಸಿದ ಇಂಗ್ಲಿಷ್ ಸಾಹೇಬ ಇನ್ನೂ ಬದುಕಿದ್ದಾನೆ, ದಾದರ್‌ನಲ್ಲೇ ಇದ್ದಾನೆ ಎಂದು ಶೆಟ್ಟರು ಹೇಳಿದಾಗ ನಾನು ನಂಬಲಿಲ್ಲ.

ಇದ್ದರು. ನಮ್ಮ ಆಫೀಸಿನಿಂದ ಹದಿನೈದು ನಿಮಿಷದ ದಾರಿಯಲ್ಲಿ, ಹಳೆಯ ಕಟ್ಟಡವೊಂದರ ನೆಲಮಹಡಿಯ ಎರಡು ಕೋಣೆಗಳಲ್ಲಿ. ಹೆಸರು ವಿಲ್ಫ್ರೆಡ್ ಥಾರ್ನ್‌ಬಿ. ಎಂಬತ್ತರ ಹತ್ತಿರದ, ತುಂಬ ಎತ್ತರದ, ಕಿವಿ ಸರಿಯಾಗಿ ಕೇಳದ ಮನುಷ್ಯ. ಗೋಡೆಗಳ ಉದ್ದಕ್ಕೂ ಸುತ್ತಿಟ್ಟ ನಕ್ಷೆಗಳು, ಅವುಗಳ ಮೇಲೆ ಪ್ಲಾಸ್ಟಿಕ್ ಹಾಳೆ. ಬಂದ ಕಾರಣ ಹೇಳಿದೆ. ಅವರು ಕೇಳಿದ ಮೊದಲ ಪ್ರಶ್ನೆ ಕಟ್ಟಡ ಹೇಗಿದೆ ಎಂದಲ್ಲ, ಗ್ಯಾಲರಿಯಲ್ಲಿ ಜನ ಈಗಲೂ ಕೂರುತ್ತಾರೆಯೇ ಎಂದು.

ಆ ವಾರದಲ್ಲಿ ಮೂರು ಸಲ ಹೋದೆ. ನಕ್ಷೆ ಹುಡುಕುತ್ತ ಹುಡುಕುತ್ತ ಅವರು ತಮ್ಮ ಕಥೆಯನ್ನೂ ಹೇಳಿಕೊಂಡರು. ಇಂಗ್ಲೆಂಡಿನ ಉತ್ತರದ ಒಂದು ಹಡಗುಕಟ್ಟೆಯ ಊರಿನವರು. ಅಪ್ಪ ಇಟ್ಟಿಗೆ ಕೆಲಸದವನು. ಅವರ ಬೀದಿಯಲ್ಲಿ ಹೆಂಗಸರು ಬಾಗಿಲ ಮೆಟ್ಟಿಲು ತೊಳೆದು ಅಲ್ಲೇ ಕೂತು ಮಾತಾಡುತ್ತಿದ್ದರಂತೆ. ಯುದ್ಧದ ನಂತರ ಆ ಬೀದಿ ಕೆಡವಿ ಎತ್ತರದ ಕಟ್ಟಡ ಕಟ್ಟಿದರು. ಅಲ್ಲಿಗೆ ಹೋದ ಮೇಲೆ ತಾಯಿ ಕಿಟಕಿಯ ಹತ್ತಿರ ಕೂತೇ ಸತ್ತರು. ಇವರು ಆರ್ಕಿಟೆಕ್ಟ್ ಆಗಿ, ಮೂವತ್ತರೊಳಗೆ ಮುಂಬೈಗೆ ಬಂದು, ಫೋರ್ಟ್ ಪ್ರದೇಶದ ಒಂದು ದೊಡ್ಡ ಆಫೀಸಿನಲ್ಲಿ ಸೇರಿ, ವರ್ಷದೊಳಗೆ ಬಿಟ್ಟರು. ದಾದರ್‌ನಲ್ಲಿ ಸಾಲುಕೋಣೆಗಳ ಒಂದು ಚಾಳಿನಲ್ಲಿ ಕೋಣೆ ಹಿಡಿದು ಅಳತೆಯ ಟೇಪು ಹಿಡಿದುಕೊಂಡು ಓಡಾಡಿದರು. ಯಾರು ಎಲ್ಲಿ ಕೂರುತ್ತಾರೆ, ಯಾವ ಹೊತ್ತಿಗೆ ಗಾಳಿ ಯಾವ ಕಡೆಯಿಂದ ಬರುತ್ತದೆ, ನೀರಿನ ಕೊಡ ಎಲ್ಲಿ ಇಳಿಸುತ್ತಾರೆ ಎಂದು ಅಳೆದು ಬರೆದುಕೊಂಡರು. ಚಾಳಿನವರು ಇವರನ್ನು ಮನೆ ಖಾಲಿ ಮಾಡಿಸಲು ಬಂದವನೆಂದು ತಿಳಿದು ಆರು ತಿಂಗಳು ಮಾತಾಡಿಸಲಿಲ್ಲವಂತೆ. ಕೋಣೆ ಮಲಗುವುದಕ್ಕೆ, ಬದುಕುವುದು ಗ್ಯಾಲರಿಯಲ್ಲಿ ಎಂದು ಅವರಿಗೆ ಅನಿಸಿದ್ದು ಅಲ್ಲಿ. ಆಮೇಲೆ ಒಂದು ಟ್ರಸ್ಟು ತನ್ನ ನೌಕರರಿಗೆ ಮನೆ ಕಟ್ಟಿಸುವ ಕೆಲಸ ಕೊಟ್ಟಿತು. ಅದೇ ಆಂಟಾಪ್ ಹಿಲ್‌ನದು. ಹೊರದೇಶದ ಪತ್ರಿಕೆಗಳಲ್ಲಿ ಅದರ ಚಿತ್ರ ಬಂತು, ಅಲ್ಲಿನ ವಿದ್ಯಾರ್ಥಿಗಳು ನೋಡಲು ಬಂದರು. ಇನ್ನೊಂದು ಶಾಲೆ, ಒಂದೆರಡು ಕಾರ್ಖಾನೆ, ಅಷ್ಟೇ. ಯಾವ ಬಿಲ್ಡರನಿಗೂ ಮಾರಲು ಬಾರದ ಎಂಟು ಅಡಿ ಗ್ಯಾಲರಿ ಬೇಕಾಗಿರಲಿಲ್ಲ. ಹೆಂಡತಿ ಮಗಳನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದರು. ನೀವೇಕೆ ಹೋಗಲಿಲ್ಲ ಎಂದು ಕೇಳಿದೆ. ಕಟ್ಟಿದ್ದು ಇಲ್ಲಿದೆಯಲ್ಲ ಎಂದರು.

ಜೂನ್ ಎರಡನೆಯ ವಾರ, ಮಳೆ ಹಿಡಿದುಕೊಂಡ ಮೇಲೆ, ಅವರೇ ಬಂದು ನೋಡುತ್ತೇನೆಂದರು. ಟ್ಯಾಕ್ಸಿಯಿಂದಿಳಿದು ಬಹಳ ಹೊತ್ತು ಕೆಳಗೇ ನಿಂತು ಮೇಲೆ ನೋಡಿದರು. ಮೂರನೇ ಮಹಡಿಯಲ್ಲಿ ನಾನು ಸುತ್ತಿಗೆಯಿಂದ ಬಡಿಯುತ್ತಿದ್ದರೆ, ಸದ್ದು ಕೇಳದ ಅವರು ನೆಲದ ಮೇಲೆ ಮಂಡಿಯೂರಿ ಅಂಗೈ ಒತ್ತಿ ನಡುಕವನ್ನು ಹಿಡಿಯುತ್ತಿದ್ದರು. ಒಂದು ಕಡೆ ಇಟ್ಟ ಕೈಯನ್ನು ತೆಗೆಯಲೇ ಇಲ್ಲ. ಆ ಭಾಗದಲ್ಲಿ ನೇರ ಗೆರೆ ಎಳೆದ ಹಾಗೆ ತೇವದ ಕಲೆಯೊಂದು ಹಬ್ಬಿತ್ತು. ಅದು ತಮ್ಮ ಪೈಪು ಎಂದರು. ಮಳೆನೀರಿನ ಪೈಪು ಹೊರಗೆ ಕಂಡರೆ ಕಟ್ಟಡದ ಮುಖ ಕೆಡುತ್ತದೆ ಎಂದು ಅದನ್ನು ಗ್ಯಾಲರಿಯ ಸ್ಲ್ಯಾಬಿನೊಳಗೇ, ಕಬ್ಬಿಣದ ಸರಳುಗಳ ಪಕ್ಕಕ್ಕೆ ಹೂತಿದ್ದರು. ಸೈಟಿನ ಇಂಜಿನಿಯರ್ ಬೇಡವೆಂದು ಎರಡು ಪತ್ರ ಬರೆದಿದ್ದರಂತೆ. ಇವರು ಉತ್ತರವನ್ನೂ ಕೊಡಲಿಲ್ಲವಂತೆ. ಈಗ ಆ ಪೈಪು ಒಡೆದು ಎಷ್ಟು ವರ್ಷಗಳಿಂದ ಒಳಗೇ ಸೋರುತ್ತಿತ್ತೋ.

ಅಷ್ಟರಲ್ಲಿ ಎದುರು ಬಾಗಿಲಿನಿಂದ ನೀಲವ್ವ ಹೊರಬಂದಳು. ಅರವತ್ತೈದು ದಾಟಿದ ವಿಜಯಪುರದ ಹೆಂಗಸು. ಆ ಮಹಡಿಯ ಅತಿ ಸಣ್ಣ ಮನೆ ಅವಳದು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಮಗ ಲಾರಿ ಓಡಿಸುತ್ತಿದ್ದ, ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿರುತ್ತಿದ್ದ. ಸಾಹೇಬರನ್ನು ನೋಡಿ ಸೆರಗು ಸರಿಮಾಡಿಕೊಂಡು ನಿಂತಳು. ಗುರುತಿಲ್ಲೇನ್ರಿ ಎಂದು ಕನ್ನಡದಲ್ಲೇ ಕೇಳಿದಳು. ಈ ಕಟ್ಟಡಕ್ಕೆ ಅವಳೂ ಮಣ್ಣು ಹೊತ್ತವಳು. ಆಗ ಮದುವೆಯಾದ ಹೊಸತು. ಗಂಡ ಸೈಟಿನ ವಾಚ್‌ಮನ್ ಆಗಿದ್ದರಿಂದ ಟ್ರಸ್ಟಿನವರು ಆ ಮೂಲೆಯ ಕೋಣೆ ಕೊಟ್ಟಿದ್ದರು. ಸಾಹೇಬರಿಗೆ ಗುರುತು ಸಿಗಲಿಲ್ಲ. ಆದರೂ ಅವಳು ಸ್ಟೂಲು ತಂದಿಟ್ಟಳು. ನಾನು ನಡುವೆ ನಿಂತು ಇಬ್ಬರ ಮಾತನ್ನೂ ಅತ್ತಿಂದಿತ್ತ ದಾಟಿಸುತ್ತಿದ್ದೆ.

ಏನು ನೋಡುತ್ತಿದ್ದೀರಿ ಎಂದು ಕೇಳಿದಳು. ನೆಲದೊಳಗಿನ ಕಬ್ಬಿಣ ಹೇಗಿದೆ ಎಂದು ನೋಡುತ್ತಿದ್ದೇವೆಂದು ಹೇಳಿದೆ. ಅವಳು ಬಾಗಿಲ ಹೊಸ್ತಿಲ ಮೇಲೆ ಕೂತುಬಿಟ್ಟಳು.

“ನಾವ ತುಳದೇವ್ರಿ ಅದನ್ನ,” ಎಂದಳು. “ಕಬ್ಬಿಣ ಕಟ್ಟಿ ಇಟ್ಟಿದ್ರು. ಮ್ಯಾಲ ಓಡ್ಯಾಡಾಕ ಹಲಗಿ ಹಾಕಬೇಕಿತ್ತು, ಹಾಕಿರಲಿಲ್ಲ. ಮಳಿ ಬರಾಕ ಹತ್ತಿತ್ತು, ಗುತ್ತಿಗೆದಾರ ಓಡ್ರಿ ಓಡ್ರಿ ಅಂತಿದ್ದ. ಕಾಂಕ್ರೀಟ ಬುಟ್ಟಿ ಹೊತಗೊಂಡು ಕಬ್ಬಿಣದ ಮ್ಯಾಲ ಓಡಿದ್ವಿ. ಕಾಲಾಗ ಅದು ಬಾಗೋದು ಗೊತ್ತಾಗತಿತ್ತು. ಮೇಸ್ತ್ರಿ ನೋಡಿ ಸುಮ್ನಾದ. ಇಲ್ಲೇ, ನನ್ನ ಬಾಗಲ ಮುಂದ.”

ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಇಂಥ ಚಾಚಿದ ಸ್ಲ್ಯಾಬಿನಲ್ಲಿ ಭಾರ ಹೊರುವ ಸರಳು ಮೇಲ್ಭಾಗದಲ್ಲೇ ಇರಬೇಕು. ಕೆಳಗಿಳಿದರೆ ಇದ್ದೂ ಇಲ್ಲದ ಹಾಗೆ. ಥಾರ್ನ್‌ಬಿಯವರು ಅವಳ ಮುಖವನ್ನೇ ನೋಡುತ್ತಿದ್ದರು. ಅಲ್ಲೇ ಅಗೆಯಲು ಹೇಳಿದರು. ನಮ್ಮ ಕೆಲಸದವನು ಒಂದು ಅಂಗೈ ಅಗಲ ಕೆತ್ತಿದ. ಒಂದು ಇಂಚಿಗೆ ಸಿಗಬೇಕಾದ ಸರಳು ಸಿಗಲಿಲ್ಲ. ಎರಡಕ್ಕೂ ಇಲ್ಲ. ನಾಲ್ಕು ಇಂಚಿನ ಹತ್ತಿರ ಸಿಕ್ಕಿತು, ಬೆರಳಿನಿಂದ ಮುಟ್ಟಿದರೆ ಕೆಂಪು ಪುಡಿ ಉದುರಿತು. ಅದೇ ವಾಸನೆ ಮೇಲೆದ್ದಿತು.

ನೀಲವ್ವ ಅಳಲಿಲ್ಲ. ಅಂದು ತುಳಿದ ನಾವೇ ಇದಕ್ಕೆ ಕಾರಣ ಎಂದು ಸಾಹೇಬರಿಗೆ ತಿಳಿಸಿ ಎಂದಳು. ತಿಳಿಸಿದೆ. ಅವರು ಕೋಪಗೊಂಡವರ ಹಾಗೆ ತಲೆಯಾಡಿಸಿದರು. ಹಲಗೆ ಇದೆಯೋ ಇಲ್ಲವೋ ಎಂದು ಆ ದಿನ ಬಂದು ನೋಡಬೇಕಾದವನು ನಾನು, ಆ ಮಳೆಯಲ್ಲಿ ಆಫೀಸಿನಲ್ಲಿ ಕೂತು ಪತ್ರಿಕೆಯವರಿಗೆ ಕಳಿಸಲು ಕಟ್ಟಡದ ಮಾದರಿಯ ಫೋಟೋ ಆರಿಸುತ್ತಿದ್ದೆ. ಒಳಗೆ ನೀರು ತಂದವನು ನಾನು, ಅವಳ ಕಾಲಲ್ಲ ಎಂದು ಹೇಳು ಎಂದರು. ಹೇಳಿದೆ. ಅವಳಿಗೆ ಅದು ಸಮಾಧಾನವಾಗಲಿಲ್ಲ. ಹಾಗಾದರೆ ಇಷ್ಟು ವರ್ಷ ಇದನ್ನು ಹಿಡಿದು ನಿಲ್ಲಿಸಿದ್ದು ಏನು ಎಂದು ಕೇಳಿದಳು. ಬಹುಶಃ ಕೆಳಗಿನಿಂದ ಆನಿಸಿಕೊಂಡ ಜಾಲರಿ ಗೋಡೆ ಎಂದೆ. ನನಗಾಗಲಿ ಥಾರ್ನ್‌ಬಿಯವರಿಗಾಗಲಿ ಖಚಿತವಾಗಿ ಗೊತ್ತಿರಲಿಲ್ಲ.

ತಕ್ಷಣ ಖಾಲಿ ಮಾಡಬೇಕು ಎಂದು ವರದಿ ಬರೆದೆ. ಒಂದೊಂದು ಮನೆಗೂ ಆ ಗ್ಯಾಲರಿಗಳ ಮೂಲಕವೇ ದಾರಿ. ಉಳಿದ ಮಹಡಿಗಳಲ್ಲಿ ಸರಳು ಎಲ್ಲಿದೆಯೋ ಯಾರಿಗೆ ಗೊತ್ತು. ಥಾರ್ನ್‌ಬಿಯವರು ನನ್ನ ಸಹಿಯ ಕೆಳಗೆ ತಮ್ಮದನ್ನೂ ಹಾಕಿದರು. ಅದರ ಅಗತ್ಯವಿರಲಿಲ್ಲ.

ಭಾನುವಾರ ಮಧ್ಯಾಹ್ನ ಕೆಳಗಿನ ಅಂಗಳದ ಶೆಡ್ಡಿನಲ್ಲಿ ಸಭೆ. ಸುತ್ತ ಮಳೆ. ನಲವತ್ತಕ್ಕೂ ಹೆಚ್ಚು ಜನ, ಮುಖ ಗಂಟು ಹಾಕಿಕೊಂಡವರು. ಶೆಟ್ಟರು ವರದಿಯನ್ನು ಮಡಿಚಿ ಕಿಸೆಯಲ್ಲಿಟ್ಟುಕೊಂಡು ಎದ್ದರು.

“ಮೇಡಂ, ನೀವು ಬರೆದು ಹೋಗ್ತೀರಿ,” ಎಂದರು. “ಒಮ್ಮೆ ಹೊರಗೆ ಬಿದ್ದವರು ಈ ಊರಲ್ಲಿ ಮತ್ತೆ ಒಳಗೆ ಬಂದದ್ದು ಉಂಟಾ? ನೀವು ಕಂಡಿದ್ದೀರಾ?”

ನಾನು ಕಂಡಿರಲಿಲ್ಲ. ಹಿಂದಿನ ಸಾಲಿನಿಂದ ಯಾರೋ ಮರಾಠಿಯಲ್ಲಿ ಈ ಮುದುಕನಿಗೆ ಬಿಲ್ಡರ್ ಎಷ್ಟು ಕೊಟ್ಟ ಎಂದು ಕೇಳಿದರು. ಥಾರ್ನ್‌ಬಿಯವರಿಗೆ ಅದು ಕೇಳಿಸಲಿಲ್ಲ. ಅವರು ಎದ್ದು ತಮ್ಮ ಒಡಕು ಹಿಂದಿಯಲ್ಲಿ ತಪ್ಪು ತಮ್ಮದು ಎಂದು ಹೇಳತೊಡಗಿದರು. ಒಂದೆರಡು ಹುಡುಗರು ನಕ್ಕರು. ನಿಮ್ಮ ತಪ್ಪಿಗೆ ನಾವು ಯಾಕೆ ಹೋಗಬೇಕು ಎಂದು ಒಬ್ಬಾಕೆ ಕೇಳಿದಳು.  ಸಭೆ ಮುರಿದೇ ಹೋಗುವುದರಲ್ಲಿತ್ತು.

ಆಗ ಹೆಂಗಸರ ಗುಂಪಿನಿಂದ ನೀಲವ್ವ ಎದ್ದಳು. ಅವಳು ಸೊಸೈಟಿಯ ಸಭೆಯಲ್ಲಿ ಎಂದೂ ಮಾತಾಡಿದವಳಲ್ಲವಂತೆ. ಕಬ್ಬಿಣದ ಮೇಲೆ ಓಡಿದ ಕಥೆಯನ್ನು ಹಿಂದಿ ಕನ್ನಡ ಮರಾಠಿ ಕಲಸಿ ಹೇಳಿದಳು. ಈ ಸುದ್ದಿ ಇಷ್ಟು ವರ್ಷ ನನ್ನ ಹೊಟ್ಟೆಯಲ್ಲಿತ್ತು, ಮಕ್ಕಳು ಅಲ್ಲಿ ಆಡುವಾಗೆಲ್ಲ ಕಾಲಿನಡಿ ಆ ಬಾಗು ನೆನಪಾಗುತ್ತಿತ್ತು, ಹೇಳಿದರೆ ಗಂಡನ ಕೆಲಸ ಹೋದೀತು, ಆಮೇಲೆ ಕೋಣೆ ಹೋದೀತು ಎಂದು ಸುಮ್ಮನಿದ್ದೆ ಎಂದಳು. “ನಾ ನಾಳೆ ಹೊಂಟೆ,” ಎಂದಳು. “ನೀವು ಇರಾವ್ರು ಇರ್ರಿ. ಆದ್ರ ಕೂಸುಗೋಳ್ನ ಅಲ್ಲಿ ಮಲಗಸಬ್ಯಾಡ್ರಿ.”

ಸಾಹೇಬರನ್ನು ನಂಬದವರು, ನನ್ನನ್ನು ನಂಬದವರು ಅವಳನ್ನು ನಂಬಿದರು. ಜುಲೈ ಮೊದಲ ವಾರದೊಳಗೆ ಟೆಂಪೋಗಳು ಬಂದು ಹೋದವು. ಗ್ಯಾಲರಿಗಳ ಕೆಳಗೆ ನಾವು ಕಬ್ಬಿಣದ ಟೇಕು ಕೊಟ್ಟು, ಒಂದು ಸಲಕ್ಕೆ ಇಬ್ಬರಂತೆ ಸಾಮಾನು ಇಳಿಸಿದೆವು. ಎಲ್ಲ ಖಾಲಿಯಾದ ಮೇಲೆ ಬಾಡಿಗೆಗೆ ತಂದಿದ್ದ ಆ ಟೇಕುಗಳನ್ನು ತೆಗೆಸಿದೆವು. ಕೆಲವರು ನೆಂಟರ ಮನೆಗೆ, ಕೆಲವರು ಬಾಡಿಗೆಗೆ, ಹೆಚ್ಚಿನವರು ಹಾರ್ಬರ್ ರೈಲು ಲೈನಿನ ಆ ಕಡೆ, ತಾತ್ಕಾಲಿಕ ವಸತಿಯ ಟ್ರಾನ್ಸಿಟ್ ಕ್ಯಾಂಪಿನ ಕಟ್ಟಡಗಳಿಗೆ ಹೋದರು. ಕೊನೆಗೆ ಹೋದವರು ಶೆಟ್ಟರು. ದೇವರ ಪಟ ಕಂಕುಳಲ್ಲಿಟ್ಟುಕೊಂಡು, ನನ್ನ ಕಡೆ ನೋಡದೆ, ಮೀಟರಿನ ಫ್ಯೂಸು ಕಿತ್ತು ಇಟ್ಟು ಹೊರಟರು.

ಆ ಜುಲೈ, ಆಗಸ್ಟ್ ತಿಂಗಳ ಮಳೆ ನನಗೆ ಇನ್ನೂ ಮೈಯಲ್ಲಿದೆ. ಹಳಿಗಳ ಮೇಲೆ ನೀರು ನಿಂತು ಲೋಕಲ್ ರೈಲುಗಳು ನಿಂತವು, ದಾದರ್‌ನಲ್ಲಿ ಮೊಣಕಾಲುದ್ದ ನೀರಿನಲ್ಲಿ ನಡೆದು ಆಫೀಸಿಗೆ ಹೋದೆ. ಗ್ಯಾಲರಿ ಬೀಳಲಿಲ್ಲ. ಜೋರು ಮಳೆಯಾದ ಮರುದಿನ ಅಲ್ಲಿಂದ ಹೋದವರ ಫೋನು ಬರುತ್ತಿತ್ತು. ಮೇಡಂ, ಈಗಷ್ಟೇ ಆ ದಾರಿಯಲ್ಲಿ ಬಂದೆ, ನಿಂತೇ ಇದೆಯಲ್ಲ ಎಂದು. ಮೊದಲು ಒಬ್ಬಿಬ್ಬರು, ಆಮೇಲೆ ಬೇರೆ ಬೇರೆಯವರು. ಹೆಂಡತಿಗೆ ಹುಷಾರಿಲ್ಲ, ಹೊಸ ಜಾಗದಿಂದ ಆಸ್ಪತ್ರೆ ದೂರ ಎಂದು ಒಬ್ಬರು. ಮಗ ಶಾಲೆ ಬಿಟ್ಟ ಎಂದು ಇನ್ನೊಬ್ಬರು. ಬೈದಿದ್ದರೆ ಬೇರೆ ಮಾತು, ಯಾರೂ ಬೈಯಲಿಲ್ಲ. ನಿಂತೇ ಇದೆಯಲ್ಲ ಎಂದು ಹೇಳಿ ಫೋನು ಇಡುತ್ತಿದ್ದರು.

ಒಂದು ಮಧ್ಯಾಹ್ನ ನಾನೂ ಹೋಗಿ ನೋಡಿದೆ. ರಸ್ತೆಯ ಆಚೆ ಬದಿಯ ಔಷಧಿ ಅಂಗಡಿಯ ಮುಂದೆ ಕಪ್ಪು ಕೊಡೆ ಹಿಡಿದು ಥಾರ್ನ್‌ಬಿಯವರು ನಿಂತಿದ್ದರು. ದಿನಾ ಬರುತ್ತಾರೆ ಎಂದು ಅಂಗಡಿಯವನು ಹೇಳಿದ. ಅವರ ಪಕ್ಕದಲ್ಲಿ ನಿಂತೆ. ಎದುರಿಗೆ ಖಾಲಿ ಗ್ಯಾಲರಿಗಳ ಮೇಲಿಂದ ನೀರು ಧಾರೆಯಾಗಿ ಸುರಿಯುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ನನಗೆ ನಾನು ಏನು ಮಾಡುತ್ತಿದ್ದೇನೆ ಎಂದು ತಿಳಿಯಿತು. ಅದು ಬೀಳಲಿ ಎಂದು ಕಾಯುತ್ತಿದ್ದೆ. ಬಿದ್ದರೆ ಆ ಫೋನುಗಳು ನಿಲ್ಲುತ್ತವೆ. ಬಿದ್ದರೆ ನಾನು ಸರಿ. ಪಕ್ಕಕ್ಕೆ ತಿರುಗಿ ನೋಡಿದೆ. ಅವರೂ ಅದನ್ನೇ ಕಾಯುತ್ತಿದ್ದರು. ತಾನು ಕಟ್ಟಿದ ಅತ್ಯುತ್ತಮ ವಸ್ತು ತನ್ನ ಕಣ್ಣೆದುರೇ ಬೀಳಲಿ ಎಂದು.  ಚಹಾ ಕುಡಿದು ಟ್ಯಾಕ್ಸಿ ಹಿಡಿದೆವು.

ಸೆಪ್ಟೆಂಬರಿನಲ್ಲಿ ಅವರು ನೀಲವ್ವನನ್ನು ನೋಡಬೇಕೆಂದರು. ಕರೆದುಕೊಂಡು ಹೋದೆ. ಟ್ರಾನ್ಸಿಟ್ ಕ್ಯಾಂಪಿನ ಏಳನೇ ಮಹಡಿ. ಲಿಫ್ಟು ಕೆಟ್ಟಿತ್ತು. ಪ್ರತಿ ಮಹಡಿಯಲ್ಲೂ ಕೂತು ಕೂತು ಹತ್ತಿದರು. ಮೇಲೆ ಕಿರಿದಾದ ನಡುದಾರಿ, ಎರಡೂ ಕಡೆ ಮುಚ್ಚಿದ ಬಾಗಿಲುಗಳು, ಹಗಲಿನಲ್ಲೂ ಟ್ಯೂಬ್‌ಲೈಟು. ಅವರು ಅದನ್ನು ಅತ್ತಿಂದಿತ್ತ ನೋಡಿದರು. ಕಿಸೆಯಿಂದ ಟೇಪು ತೆಗೆದು ಅಗಲ ಅಳೆಯಲು ಬಾಗಿ, ಏನೆನಿಸಿತೋ, ಮತ್ತೆ ಕಿಸೆಗೆ ಹಾಕಿಕೊಂಡರು. ನೀಲವ್ವ ಚಹಾ ಮಾಡಿದಳು. ತೆಳ್ಳಗಾಗಿದ್ದಳು. ಅಕ್ಕಪಕ್ಕ ಯಾರಿದ್ದಾರೆ ಎಂದು ಕೇಳಿದರೆ ಗೊತ್ತಿಲ್ಲ ಎಂದಳು. ಏನಾದರೂ ಬೇಕೇ ಎಂದು ಅವರು ನನ್ನ ಮೂಲಕ ಕೇಳಿದರು.

“ಏನೂ ಬ್ಯಾಡ್ರಿ,” ಎಂದಳು. ಬಾಗಿಲ ಕಡೆ ನೋಡಿ, “ಇಲ್ಲಿ ಮಳಿ ಬಂದದ್ದೂ ಗೊತ್ತಾಗಂಗಿಲ್ಲ ಸಾಹೇಬ್ರ.”

ಅದನ್ನು ನಾನು ಇಂಗ್ಲಿಷಿಗೆ ಹೇಳಲಿಲ್ಲ. ಅವಳು ಚೆನ್ನಾಗಿದ್ದೇನೆ ಅನ್ನುತ್ತಿದ್ದಾಳೆ ಎಂದೆ. ಅವರು ನನ್ನನ್ನು ಒಂದು ಕ್ಷಣ ನೋಡಿ ಚಹಾ ಕುಡಿದರು.

ಅಕ್ಟೋಬರಿನಲ್ಲಿ, ಮಳೆ ಬಿಟ್ಟು ಸೆಖೆ ಶುರುವಾದಾಗ, ಶೆಟ್ಟರ ಫೋನು ಬಂತು. ಅವರು ನನಗೆ ಫೋನು ಮಾಡಿ ಮೂರು ತಿಂಗಳಾಗಿತ್ತು. ನೀಲವ್ವ ಹೋದಳು ಎಂದರು. ಜ್ವರ ಬಂದಿರಬೇಕು, ಬಚ್ಚಲಿನ ಹತ್ತಿರ ಬಿದ್ದಿದ್ದಳಂತೆ. ಮಗ ಲಾರಿಯ ಮೇಲೆ ಗುಜರಾತಿನ ಕಡೆ ಹೋಗಿದ್ದ. “ಬಾಗಿಲು ಹಾಕಿಕೊಂಡಿತ್ತು, ಮೇಡಂ. ಎರಡು ದಿನ ಯಾರಿಗೂ ಗೊತ್ತೇ ಆಗ್ಲಿಲ್ಲ,” ಎಂದರು. “ನಮ್ಮಲ್ಲಿ ಹಾಗೆ ಆಗ್ತಿರಲಿಲ್ಲ.” ಅವರು ಜಗಳದ ದನಿಯಲ್ಲಿ ಹೇಳಲಿಲ್ಲ. ನನಗೂ ತಿಳಿದಿರಲಿ ಎಂದು ಹೇಳಿದರು. ಥಾರ್ನ್‌ಬಿಯವರಿಗೆ ನಾನೇ ಹೋಗಿ ಹೇಳಿದೆ. ನಕ್ಷೆಗಳ ನಡುವೆ ಕೂತಿದ್ದರು. ಎರಡು ದಿನವೇ ಎಂದು ಒಂದು ಸಲ ಕೇಳಿದರು. ಹೌದು ಎಂದೆ. ಮುಂದಿನ ತಿಂಗಳು ಅವರು ಎದೆನೋವಿನಿಂದ ಆಸ್ಪತ್ರೆ ಸೇರಿದರು.

ಡಿಸೆಂಬರಿನಲ್ಲಿ ಕಟ್ಟಡ ಕೆಡವಿದರು. ಗ್ಯಾಲರಿ ಮಾತ್ರ ಹೊಸತಾಗಿ ಕಟ್ಟಬಹುದೆಂದು ನಾನು ಬರೆದುಕೊಟ್ಟಿದ್ದನ್ನು ಯಾರೂ ಓದಲಿಲ್ಲ. ಖಾಲಿ ಕಟ್ಟಡಕ್ಕೆ ಬಿಲ್ಡರನೊಡನೆ ಸೊಸೈಟಿಯ ಮಾತುಕತೆ ಮುಗಿದಾಗಿತ್ತು. ನಾನು ಹೋಗಿ ನಿಂತೆ. ಶೆಟ್ಟರೂ ಬಂದಿದ್ದರು. ನನ್ನ ಪಕ್ಕದಲ್ಲೇ ನಿಂತರು. ಉದ್ದ ತೋಳಿನ ಯಂತ್ರ ಮೂರನೇ ಮಹಡಿಯ ಗ್ಯಾಲರಿಗೆ ಮೊದಲ ಏಟು ಕೊಟ್ಟಿತು. ನೀಲವ್ವನ ಬಾಗಿಲ ಮುಂದಿನ ತುಂಡು ಹಪ್ಪಳದ ಹಾಗೆ ಮುರಿದು ಕೆಳಗೆ ಬಂತು. ನಾನು ಉಸಿರು ಬಿಟ್ಟೆ. ಆದರೆ ಉಳಿದದ್ದು ಬೀಳಲಿಲ್ಲ. ಎರಡನೇ ಏಟು, ಹತ್ತನೇ ಏಟು. ಊಟದ ಹೊತ್ತಾದರೂ ಗ್ಯಾಲರಿ ಗೋಡೆಗೆ ಅಂಟಿಕೊಂಡೇ ಇತ್ತು. ಕೊನೆಗೆ ಗ್ಯಾಸಿನ ಬೆಂಕಿಯಿಂದ ಸರಳು ಕತ್ತರಿಸಬೇಕಾಯಿತು. ಕತ್ತರಿಸಿದ ತುದಿಗಳು ಹೊಸ ಕಬ್ಬಿಣದಂತೆ ನೀಲಿಯಾಗಿ ಹೊಳೆಯುತ್ತಿದ್ದವು. ಹತ್ತು ಅಡಿ ಈಚೆ ಕೆಂಪು ಪುಡಿ. ಹತ್ತು ಅಡಿ ಆಚೆ ಇನ್ನೂ ಐವತ್ತು ವರ್ಷ ಬಾಳುವ ಸರಳು. ನಮ್ಮ ವರದಿ ಸುಳ್ಳಾಗಿರಲಿಲ್ಲ, ಪೂರ್ತಿ ನಿಜವೂ ಆಗಿರಲಿಲ್ಲ. ಆ ಹತ್ತು ಅಡಿ ಯಾವತ್ತು ಬೀಳುತ್ತಿತ್ತು, ಯಾರ ಮೇಲೆ ಬೀಳುತ್ತಿತ್ತು ಎಂದು ಈಗ ಯಾರೂ ಹೇಳಲಾರರು. ಸಾಯಂಕಾಲದವರೆಗೂ ಶೆಟ್ಟರು ನಿಂತಿದ್ದರು. ಆಮೇಲೆ ಚಪ್ಪಲಿಯ ಧೂಳು ಕೊಡವಿ ಸ್ಟೇಷನ್ನಿನ ಕಡೆ ನಡೆದರು.

ಮರುದಿನ ಬೆಳಿಗ್ಗೆ ಆಸ್ಪತ್ರೆಗೆ ಹೋದೆ. ಥಾರ್ನ್‌ಬಿಯವರ ಮುಖ ಸಣ್ಣದಾಗಿತ್ತು, ಮೂಗಿಗೆ ನಳಿಕೆ ಇತ್ತು. ಮಗಳು ಇಂಗ್ಲೆಂಡಿನಿಂದ ಹೊರಟಿದ್ದಾಳೆ ಎಂದು ನರ್ಸ್ ಹೇಳಿದಳು. ನಾನು ಕಿವಿಯ ಹತ್ತಿರ ಬಾಗಿದೆ. ಗ್ಯಾಲರಿ ಹೇಗೆ ಬಿತ್ತು ಎಂದು ಕೇಳಿದರು.

ಮೊದಲ ಏಟಿಗೇ ಬಿತ್ತು ಎಂದೆ. ಇಡೀ ಗ್ಯಾಲರಿಯೋ ಎಂದರು. ಇಡೀ ಗ್ಯಾಲರಿ ಎಂದೆ. ಕಣ್ಣು ಮುಚ್ಚಿದರು. ಹಾಗಾದರೆ ಆ ಹೆಂಗಸು ಎಲ್ಲರನ್ನೂ ಉಳಿಸಿದಳು ಎಂದರು. ಹೌದು ಎಂದೆ. ಅವರ ಕೈ ನನ್ನ ಕೈಯ ಮೇಲಿತ್ತು, ಹಗುರವಾಗಿತ್ತು. ಅಲ್ಲಿ ವಾಸವಿದ್ದವರು ಯಾರಾದರೂ ನೋಡಲು ಬಂದಿದ್ದರೇ ಎಂದು ಕೇಳಿದರು. ಶೆಟ್ಟರು ಬಂದಿದ್ದರು ಎಂದೆ. ಏನೆಂದರು ಎಂದು ಕೇಳಿದರು.

ಏನೂ ಅನ್ನಲಿಲ್ಲ ಎಂದೆ. ಆ ಬೆಳಿಗ್ಗೆ ನಾನು ಅವರಿಗೆ ಹೇಳಿದ್ದರಲ್ಲಿ ಶೆಟ್ಟರ ವಿಷಯವೊಂದೇ ನಿಜ.